ಕಷ್ಟವಾದದ್ದು ಆಟವಲ್ಲ, ಪಾಳಿ

ಹೋದ ರಜೆಯಲ್ಲಿ ಹೈದರಾಬಾದ್ ಕಡೆಯ ಒಂದು ಥೀಮ್ ಪಾರ್ಕಿಗೆ ಹೋಗಿ ಬಂದೆವು. ನಾಲ್ವರೂ ಕೂಡಿ, ಮೊದಲ ಸಲ. ಒಂಬತ್ತು ವರ್ಷದ ಮಗನಿಗೆ ಆಟಿಸಂ ಇದೆ. ಇಷ್ಟು ದಿನ ಮಗಳನ್ನು ಅವರಪ್ಪನ ಜೊತೆ ಕಳಿಸಿ, ನಾನು ಇವನನ್ನು ಕಟ್ಟಿಕೊಂಡು ಕಲಬುರಗಿಯ ಮನೆಯಲ್ಲೇ ಉಳಿಯುತ್ತಿದ್ದೆ. ಈ ಸಲ ಮಗಳು ಬಿಡಲಿಲ್ಲ. "ಅವ್ವಾ, ತಮ್ಮನೂ ಬರ್ಲಿ. ಅಂವಾ ಇಲ್ದ ಫೋಟೋ ನನಗ ಬ್ಯಾಡ."

ಹದಿನೈದು ದಿನ ಮೊದಲೇ ಬಸ್ಸು, ಗೇಟು, ಆಟ, ಊಟ, ಮತ್ತೆ ಬಸ್ಸು, ಮನೆ ಎಂದು ಚಿತ್ರಗಳನ್ನು ಸಾಲಾಗಿ ಅಂಟಿಸಿ ದಿನಾ ರಾತ್ರಿ ತೋರಿಸಿದೆ. ಮುಂದೇನು ಎಂದು ಗೊತ್ತಿದ್ದರೆ ಅವನ ಅರ್ಧ ಭಯ ಇಳಿಯುತ್ತದೆ. ಶಬ್ದ ತಡೆಯುವ ಹೆಡ್‌ಫೋನ್ ತಗೊಂಡೆ. ಡಬ್ಬಿ ತುಂಬ ಖಡಕ್ ರೊಟ್ಟಿ, ಹೊರಗೆ ಹೋದರೆ ಅವನು ಬೇರೇನೂ ಮುಟ್ಟುವುದಿಲ್ಲ. ಹೊರಗಿನ ಊಟ ಬಿಡುವುದಿಲ್ಲ ಎಂದು ಗೇಟಿನಲ್ಲೇ ತಡೆದರು. ವಿಕಲಚೇತನರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ತೋರಿಸಿ ಬೇಡಿಕೊಂಡ ಮೇಲೆ ಬಿಟ್ಟರು. ಮಣಿಕಟ್ಟಿಗೆ ಕಾಗದದ ಪಟ್ಟಿ ಸುತ್ತಲು ಬಂದಾಗ ಚೀರಿದ. ಅಲ್ಲಿದ್ದ ಹುಡುಗಿ ಯಾರನ್ನೂ ಕೇಳದೆ ಅದನ್ನು ಅವನ ಬ್ಯಾಗಿಗೆ ಸುತ್ತಿದಳು. ಆ ಹುಡುಗಿ ತಣ್ಣಗಿರಲಿ.

ಆಟಗಳು ಅವನಿಗೆ ಕಷ್ಟವಾಗಲೇ ಇಲ್ಲ. ಮನೆಯ ಅಂಗಳದಲ್ಲಿ ತನ್ನಷ್ಟಕ್ಕೆ ಗಿರಗಿರ ತಿರುಗುವ ಹುಡುಗ, ತಿರುಗುವುದು ಅವನ ಮೈಗೆ ಹಸಿವಿದ್ದಂತೆ. ಕಷ್ಟವಾದದ್ದು ಪಾಳಿ. ಕಬ್ಬಿಣದ ಕಂಬಿಗಳ ನಡುವೆ ನಲವತ್ತು ನಿಮಿಷ, ಮೈಗೆ ಮೈ ತಾಗುವ ಮಂದಿ, ತಲೆ ಮೇಲೆ ಸ್ಪೀಕರ್. ಅರ್ಧ ದಾರಿಯಲ್ಲಿ ನೆಲಕ್ಕೆ ಬಿದ್ದು ತನ್ನ ಕೈ ತಾನೇ ಕಚ್ಚಿಕೊಂಡ. ಹಿಂದಿದ್ದವರು ನಮ್ಮ ಕಡೆಯವರೇ. "ಕಪಾಳಕ್ಕ ಎರಡು ಕೊಡ್ರಿ, ಸುಮ್ಮನಾಗ್ತಾನ" ಅಂದರು. ಅದು ಹಟವಲ್ಲ. ಹಟ ಮಾಡುವ ಮಗು ಕೇಳಿದ್ದು ಸಿಕ್ಕ ಕೂಡಲೇ ನಿಲ್ಲಿಸುತ್ತದೆ. ಇವನಿಗೆ ಆ ಹೊತ್ತಿನಲ್ಲಿ ಏನು ಬೇಕೆಂದು ಹೇಳುವ ಶಕ್ತಿಯೇ ಇರುವುದಿಲ್ಲ.

ಪಕ್ಕದಲ್ಲೇ ಇನ್ನೊಂದು ದಾರಿಯಿತ್ತು. ಹೆಚ್ಚಿನ ದುಡ್ಡಿನ ಟಿಕೆಟ್ ತಗೊಂಡವರು ಅದರಲ್ಲಿ ನೇರ ಒಳಗೆ ಹೋಗುತ್ತಿದ್ದರು. ದುಡ್ಡಿಗೆ ತೆರೆಯುವ ಆ ಬಾಗಿಲು ನನ್ನ ಮಗನ ಕಾರ್ಡಿಗೆ ಯಾಕೆ ತೆರೆಯಬಾರದು? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಮನರಂಜನೆಯಲ್ಲಿ ಪಾಲ್ಗೊಳ್ಳುವ ಹಕ್ಕನ್ನೂ ಅದು ಹೇಳುತ್ತದೆ. ನಾನು ಬಿಟ್ಟಿ ಟಿಕೆಟ್ ಕೇಳುತ್ತಿಲ್ಲ, ಎಲ್ಲರಿಗಿಂತ ಮೊದಲು ಬಿಡಿ ಎಂದೂ ಕೇಳುತ್ತಿಲ್ಲ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಇಂಥ ಮಕ್ಕಳ ಮನೆಯವರಿಗೆ ತಿರುಗಿ ಬರುವ ಹೊತ್ತು ಹೇಳಿ ಕಳಿಸುತ್ತಾರೆ. ಕಾಯುವುದು ಎಲ್ಲರಷ್ಟೇ, ಆದರೆ ಪಾಳಿಯ ಹೊರಗೆ. ಒಂದು ಮರದ ನೆರಳಲ್ಲಿ ಕೂತು ರೊಟ್ಟಿ ತಿನ್ನುತ್ತಾ ಅವನು ಒಂದು ಗಂಟೆ ಬೇಕಾದರೂ ಕಾಯುತ್ತಾನೆ. ಇದಕ್ಕೆ ಬೇಕಾದದ್ದು ಒಂದು ಚೀಟಿ, ಒಂದು ಪೆನ್ನು.

ಆ ದಿನ ಅವನು ಆಡಿದ್ದು ಮೂರೇ ಆಟ, ಅದೂ ಸಂಜೆ ಮಂದಿ ಕರಗಿದ ಮೇಲೆ. ಮಗಳು ಅವನ ಪಕ್ಕ ಬಿಟ್ಟು ಬೇರೆ ಯಾವ ಆಟಕ್ಕೂ ಹೋಗಲಿಲ್ಲ. ಅದು ನನ್ನನ್ನು ಈಗಲೂ ಕೊರೆಯುತ್ತದೆ.

ನಮ್ಮೂರಿನ ಶರಣಬಸವೇಶ್ವರ ಜಾತ್ರೆ ನೆನಪಾಯಿತು. ರಾತ್ರಿ ತೊಟ್ಟಿಲ ಹತ್ತಿರ ಇವನು ಕಿವಿ ಮುಚ್ಚಿಕೊಂಡು ಕೂತಿದ್ದನ್ನು ತೊಟ್ಟಿಲು ತಿರುಗಿಸುವಾತ ನೋಡಿದ್ದ. "ಅಕ್ಕಾ, ನಾಳಿ ನಾಲ್ಕಕ್ಕ ಕರ್ಕೊಂಡು ಬರ್ರಿ. ಬಿಸಲಿಗೆ ಮಂದಿ ಇರಂಗಿಲ್ಲ, ಹಾಡೂ ಹಚ್ಚಂಗಿಲ್ಲ" ಅಂದ. ಮರುದಿನ ಅಕ್ಕ, ತಮ್ಮ ಇಬ್ಬರೇ ಕೂತರು. ಮೇಲಿನಿಂದ ಅವನ ನಗು ಕೆಳಗೆ ನಿಂತ ನನಗೆ ಕೇಳಿಸಿತು. ತೊಟ್ಟಿಲಾತ ಒಮ್ಮೆ ನನ್ನ ಕಡೆ ನೋಡಿ, ಇನ್ನೂ ಐದು ಸುತ್ತು ಹೆಚ್ಚಿಗೆ ತಿರುಗಿಸಿದ.