ಊಟದ ಅಡಿಯಲ್ಲೊಂದು ಕಥೆ

ಊಟ ಮುಗಿದ ಮೇಲೆ ನನ್ನ ಸ್ಟೀಲ್ ತಟ್ಟೆಯಲ್ಲಿ ನೋಡಲು ಏನೂ ಇರುವುದಿಲ್ಲ. ಮೊಸರನ್ನದ ಕೊನೆಯ ತುತ್ತಿನ ಹಿಂದೆ ನನ್ನದೇ ಮಸುಕು ಮುಖ, ಅಷ್ಟೆ. ಐನೂರು ವರ್ಷಗಳ ಹಿಂದೆ ಇಟಲಿಯ ಉರ್ಬಿನೋದ ಮಯೋಲಿಕಾ ತಟ್ಟೆ, ಅಂದರೆ ಬಿಳಿ ಮೆರುಗಿನ ಮೇಲೆ ಬಣ್ಣದ ಚಿತ್ರ ಬರೆದ ಮಣ್ಣಿನ ತಟ್ಟೆ, ಸಿಕ್ಕವರ ಪಾಡೇ ಬೇರೆ. ತಟ್ಟೆ ಖಾಲಿಯಾದ ಹಾಗೆಲ್ಲ ಕಥೆ ಶುರು. ಮೊದಲು ಒಂದು ಮರದ ತುದಿ, ಆಮೇಲೆ ಯಾರದೋ ಕಾಲು, ಇನ್ನೆರಡು ತುತ್ತಿಗೆ ಬಟ್ಟೆಯಿಲ್ಲದ ದೇವತೆ!

ಬೇಟೆಗಾರ ಆಕ್ಟಿಯನ್‌ನ ಕಥೆ ಇಂಥ ತಟ್ಟೆಗಳ ಮೇಲೆ ಮತ್ತೆ ಮತ್ತೆ ಬರುತ್ತದೆ. ಡಯಾನಾ ದೇವಿ ಸ್ನಾನ ಮಾಡುವುದನ್ನು ಕಂಡ ತಪ್ಪಿಗೆ ಅವನು ಜಿಂಕೆಯಾಗುತ್ತಾನೆ, ಅವನ ನಾಯಿಗಳೇ ಅವನನ್ನು ಹರಿದು ತಿನ್ನುತ್ತವೆ. ಅದೇ ತಟ್ಟೆಗೆ ಯಾರಾದರೂ ಜಿಂಕೆ ಮಾಂಸ ಬಡಿಸಿದ್ದರೆ? ನಾನಾಗಿದ್ದರೆ ಎದ್ದು ಕೈ ತೊಳೆದುಕೊಳ್ಳುತ್ತಿದ್ದೆ.

ಇಷ್ಟು ಚೆಂದದ್ದರಲ್ಲಿ ಊಟ ಮಾಡುತ್ತಿದ್ದರಾ, ಸುಮ್ನೆ ಜೋಡಿಸಿಡುತ್ತಿದ್ದರಾ? 1524ರಲ್ಲಿ ಉರ್ಬಿನೋದ ಡಚೆಸ್ (ಅಲ್ಲಿನ ದೊರೆ ಡ್ಯೂಕ್‌ನ ಹೆಂಡತಿ) ಎಲಿಯೊನೋರಾ ತನ್ನ ತಾಯಿ ಇಸಾಬೆಲ್ಲಾ ದೆಸ್ತೆಗೆ ಒಂದು ಸೆಟ್ ಮಾಡಿಸಿ ಕಳಿಸಿದಳು. ಜೊತೆಗಿದ್ದ ಕಾಗದದಲ್ಲಿ, ಇದು ಹಳ್ಳಿಮನೆಗೆ ತಕ್ಕ ಸಾಮಾನು, ಪೋರ್ತೊದಲ್ಲಿರುವ ನಿಮ್ಮ ಹಳ್ಳಿಮನೆಯಲ್ಲಿ ಬಳಸಬಹುದು ಎಂಬ ಮಾತಿದೆ. ಮಗಳ ವಿನಯ ಸ್ವಲ್ಪ ಜಾಸ್ತಿಯೇ ಆಯಿತು. ತಟ್ಟೆಗಳ ಮೇಲೆ ಚಿತ್ರ ಬರೆದವನು ನಿಕೋಲಾ ದಾ ಉರ್ಬಿನೊ. ಆ ಸೆಟ್ಟಿನ ತಟ್ಟೆಗಳು ಈಗ ಮ್ಯೂಸಿಯಂ ಸೇರಿವೆ.

ಕೆಲಸವೂ ಸುಲಭದ್ದಲ್ಲ. ಒಮ್ಮೆ ಸುಟ್ಟ ತಟ್ಟೆಯನ್ನು ತವರ ಬೆರೆತ ಬಿಳಿ ಮೆರುಗಿನಲ್ಲಿ ಅದ್ದಿ, ಒಣಗಿದ ಮೇಲೆ ಬಣ್ಣ ಹಚ್ಚಬೇಕು. ಒಣ ಮೆರುಗು ಬಣ್ಣವನ್ನು ಗಟಗಟ ಕುಡಿಯುತ್ತದೆ, ಗೆರೆ ತಪ್ಪಿದರೆ ಅಳಿಸುವ ಹಾಗಿಲ್ಲ. ಆಮೇಲೆ ಮತ್ತೆ ಬೆಂಕಿ. 1557ರ ಸುಮಾರಿಗೆ ಈ ಕಸುಬಿನ ಬಗ್ಗೆ ಪುಸ್ತಕ ಬರೆದ ಪಿಕ್ಕೊಲ್ಪಾಸ್ಸೊ, ಗೂಡಿಗೆ ಬೆಂಕಿ ಹಾಕುವ ಮುಂಚೆ ದೇವರನ್ನು ನೆನೆಯಲು ಹೇಳುತ್ತಾನೆ. ಒಳಗೆ ಗ್ರೀಕ್ ದೇವತೆಗಳು, ಹೊರಗೆ ಏಸುವಿಗೆ ಪ್ರಾರ್ಥನೆ!

ನನಗೆ ಇಷ್ಟವಾದವನು ಉರ್ಬಿನೋದಲ್ಲೇ ತಟ್ಟೆಗಳಿಗೆ ಚಿತ್ರ ಬರೆಯುತ್ತಿದ್ದ ಕ್ಸಾಂತೊ ಅವೆಲ್ಲಿ. ಅಚ್ಚಾದ ಚಿತ್ರಗಳಲ್ಲಿನ ಮನುಷ್ಯರನ್ನು ಒಬ್ಬೊಬ್ಬರಾಗಿ ಎತ್ತಿ, ಬೇಕಾದ ಕಥೆಗೆ ಸೇರಿಸುತ್ತಿದ್ದ. ನಾಟಕ ಕಂಪನಿಯ ನಟರ ಹಾಗೆ ಒಂದೇ ಮೈ ಇವತ್ತು ಒಂದು ಪಾತ್ರ, ನಾಳೆ ಇನ್ನೊಂದು. ನೋಡುವವರಿಗೆ ಗೊಂದಲ ಆಗುತ್ತೆ ಅಲ್ವಾ? ಅದಕ್ಕೋ ಏನೋ, ತಟ್ಟೆಯ ಹಿಂದೆ ಕಥೆ ಯಾವುದೆಂದು ಬರೆದು, ಇಸವಿ ಹಾಕಿ, ತನ್ನ ಹೆಸರನ್ನೂ ಸೇರಿಸುತ್ತಿದ್ದ. ಅದನ್ನು ಓದಬೇಕಾದರೆ ತಟ್ಟೆ ಮಗುಚಬೇಕು. ಅಂದರೆ ಸಾರನ್ನು ಕೊನೆಯ ಹನಿವರೆಗೂ ಮುಗಿಸಿರಬೇಕು.