ಮಾರ್ಕನನ್ನು ಕರೆದುಕೊಂಡು ಬಾ

ಆರಾಧನೆ ಮುಗಿಸಿ ಮನೆಗೆ ಬಂದು ಎರಡು ಗಂಟೆಯಾಯಿತು. ಊಟ ಸೇರಲಿಲ್ಲ. ಬರೆಯದೆ ಇರಲೂ ಆಗುತ್ತಿಲ್ಲ.

ಒಂದು ವರ್ಷದಿಂದ ನಮ್ಮ ಚರ್ಚಿನ ಸಭೆಗೆ ಮುಖ ತೋರಿಸದಿದ್ದ ಹುಡುಗನೊಬ್ಬ ಇವತ್ತು ಬಂದಿದ್ದ. ಕುಡಿತಕ್ಕೆ ಬಿದ್ದಿದ್ದವನು, ಈಗ ಬಿಟ್ಟಿದ್ದಾನೆ. ಸಾಕ್ಷಿ ಹೇಳುವ ಹೊತ್ತಿನಲ್ಲಿ ಎದ್ದು ನಿಂತು, 'ನನ್ನನ್ನು ಕ್ಷಮಿಸಿ' ಅಂದ. ಕೈ ನಡುಗುತ್ತಿತ್ತು. ಎಲ್ಲರೂ 'ಆಮೆನ್' ಅಂದೆವು. ಕೊನೆಗೆ ಹಿರಿಯರೊಬ್ಬರ ಹತ್ತಿರ ಹೋಗಿ, 'ಮುಂದಿನ ವಾರದಿಂದ ಗಿಟಾರ್ ನುಡಿಸಲಾ ಅಣ್ಣಾ?' ಎಂದು ಕೇಳಿದ. 'ದೇವರು ಕ್ಷಮಿಸಿದ್ದಾನಪ್ಪಾ. ಆದ್ರೆ ಸ್ವಲ್ಪ ದಿನ ಹಿಂದೆ ಕೂತ್ಕೋ. ಜನ ಏನಂತಾರೆ?' ಅಂದರು. ಹುಡುಗ ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ದೇವರು ಕ್ಷಮಿಸಿದ್ದಾನೆ, ಆದರೆ! ಈ 'ಆದರೆ'ಯನ್ನು ಸೇರಿಸುವ ಅಧಿಕಾರ ನಮಗೆ ಕೊಟ್ಟವರು ಯಾರು? 'ನಮಗೆ ತಪ್ಪುಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು' ಎಂದು ಅರ್ಧ ಗಂಟೆ ಮುಂಚೆ ತಾನೇ ಎಲ್ಲರೂ ಒಂದೇ ದನಿಯಲ್ಲಿ ಪ್ರಾರ್ಥಿಸಿದ್ದೆವಲ್ಲ.

ನನಗೆ ಬೈಬಲಿನ ಮಾರ್ಕನ ನೆನಪಾಯಿತು. ಸುವಾರ್ತೆ ಸಾರಲು ಹೊರಟಿದ್ದ ಪೌಲ, ಬಾರ್ನಬರನ್ನು ಪಂಫುಲ್ಯ ಸೀಮೆಯ ಪೆರ್ಗೆ ಎಂಬ ಊರಿನಲ್ಲಿ ಬಿಟ್ಟು ಯೆರೂಸಲೇಮಿಗೆ ವಾಪಸ್ ಹೋದವನು. ಮುಂದಿನ ಪ್ರಯಾಣಕ್ಕೆ ಅವನನ್ನು ಕರೆದುಕೊಂಡು ಹೋಗೋಣ ಎಂದು ಬಾರ್ನಬ ಅಂದಾಗ ಪೌಲ ಒಪ್ಪಲಿಲ್ಲ. ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯ ಓದಿ. ಮಾತಿಗೆ ಮಾತು ಬೆಳೆದು ಇಬ್ಬರೂ ಬೇರೆಬೇರೆ ದಾರಿ ಹಿಡಿದರು. ಆದರೆ ಮೊದಲು ಕ್ರೈಸ್ತರನ್ನು ಹಿಂಸಿಸುತ್ತಿದ್ದ ಇದೇ ಪೌಲನನ್ನು ಒಂದು ಕಾಲಕ್ಕೆ ಯೆರೂಸಲೇಮಿನಲ್ಲಿದ್ದ ಯೇಸುವಿನ ಶಿಷ್ಯರು ನಂಬದೆ ಹೆದರುತ್ತಿದ್ದಾಗ, ಕರೆದುಕೊಂಡು ಹೋಗಿ ಅಪೊಸ್ತಲರ ಮುಂದೆ ನಿಲ್ಲಿಸಿದವನು ಇದೇ ಬಾರ್ನಬ! ತನಗೆ ಸಿಕ್ಕ ಕೃಪೆಯನ್ನು ಇನ್ನೊಬ್ಬನಿಗೆ ಕೊಡಲು ಪೌಲನಿಗೂ ಆ ದಿನ ಆಗಲಿಲ್ಲ. ಅಪೊಸ್ತಲನೂ ಎಡವಿದ ಜಾಗ ಇದು ಎಂದೇ ನಾನು ಓದಿಕೊಳ್ಳುತ್ತೇನೆ.

ಮುಂದೆ ಸೆರೆಯಲ್ಲಿದ್ದು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕು ಎನ್ನುತ್ತಾನೆ ಪೌಲ. ಐದೇ ವಚನ ಕೆಳಗೆ ಇಳಿದರೆ ಇನ್ನೊಂದು ಮಾತು. ವಿಚಾರಣೆಯ ದಿನ ಎಲ್ಲರೂ ನನ್ನ ಕೈಬಿಟ್ಟರು, ಅದು ಅವರ ಲೆಕ್ಕಕ್ಕೆ ಸೇರದಿರಲಿ. ಕೈಬಿಟ್ಟು ಹೋದದ್ದನ್ನು ಅಷ್ಟು ವರ್ಷ ಹಿಂದೆ ಲೆಕ್ಕ ಹಿಡಿದು ಜಗಳವಾಡಿದ ಮನುಷ್ಯ! ಇಷ್ಟು ಬೆಳೆಯಲು ಅವನಿಗೂ ಕಾಲ ಹಿಡಿಯಿತು.

'ಕ್ಷಮೆ ಬೇರೆ, ನಂಬಿಕೆ ಬೇರೆ, ಸ್ವಲ್ಪ ಕಾದು ನೋಡೋಣ' ಎನ್ನುವವರಿದ್ದೀರಿ, ಗೊತ್ತು. ಇನ್ನೊಬ್ಬರ ಮೈಮೇಲೆ ಕೈ ಮಾಡಿದವನ ವಿಷಯವಾದರೆ ಒಪ್ಪುತ್ತೇನೆ. ಅಲ್ಲಿ ಪೆಟ್ಟು ತಿಂದವರ ರಕ್ಷಣೆಯೇ ಮೊದಲು. ಇವನು ಕೇಳಿದ್ದು ಗಿಟಾರ್. ಕಾದು ನೋಡುವುದಾದರೂ ಹೇಗೆ? ಯೇಸು ಹೇಳಿದ ಸಾಮ್ಯದಲ್ಲಿ, ಹಣ್ಣು ಬಿಡದ ಅಂಜೂರದ ಮರಕ್ಕೆ ಇನ್ನೊಂದು ವರ್ಷ ಬೇಡಿದ ತೋಟಗಾರ ಕೈಕಟ್ಟಿ ಕಾಯುತ್ತೇನೆ ಅನ್ನಲಿಲ್ಲ. ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಅಂದ. ಈ ಒಂದು ವರ್ಷದಲ್ಲಿ ನಮ್ಮಲ್ಲಿ ಯಾರು ಗುದ್ದಲಿ ಹಿಡಿದೆವು?

ನನ್ನ ಕಥೆ ನಿಮಗೆಲ್ಲ ಗೊತ್ತೇ ಇದೆ. ಯುವಜನ ಕೂಟದ ಹಣ ನನ್ನ ಕೈಯಲ್ಲಿತ್ತು, ಖರ್ಚು ಮಾಡಿಕೊಂಡೆ, ಸಿಕ್ಕಿಬಿದ್ದೆ. ಅದನ್ನೆಲ್ಲ ತೀರಿಸಿದ ಮೇಲೂ ಸಭೆಗೆ ಹೋಗಲು ಕಾಲು ಬರುತ್ತಿರಲಿಲ್ಲ. ಆಗ ನಮ್ಮ ಸಭೆಯ ಒಬ್ಬ ಅಜ್ಜಿ ಮನೆಗೆ ಬಂದರು. ಹಣದ ಮಾತೇ ಎತ್ತಲಿಲ್ಲ. 'ಕಣ್ಣು ಮಂಜಾಗಿದೆ ಮಗಾ, ದಿನಾ ಬಂದು ಒಂದು ಕೀರ್ತನೆ ಓದಿ ಹೇಳ್ತೀಯಾ?' ಅಂದರು. ಕಳ್ಳನ ಬಾಯಿಂದ ದೇವರ ವಾಕ್ಯ ಕೇಳಲು ಅವರಿಗೆ ಅಡ್ಡಿಯಿರಲಿಲ್ಲ. ಪಶ್ಚಾತ್ತಾಪದ ಪ್ರಾರ್ಥನೆಯಾದ 51ನೇ ಕೀರ್ತನೆ ಬಂದ ದಿನ ನನಗೆ ಓದಲಾಗಲಿಲ್ಲ. ಪುಸ್ತಕ ಮುಚ್ಚಿ ಅತ್ತೆ. ಅವರು ಸುಮ್ಮನೆ ಕೂತಿದ್ದರು. ನನ್ನ ವಿಶ್ವಾಸ ಬೇರು ಬಿಟ್ಟದ್ದು ಅಲ್ಲಿ.

ಅಂಥ ನಾನು ಇವತ್ತು ಏನು ಮಾಡಿದೆ? ಆ ಹಿರಿಯರ ಪಕ್ಕದಲ್ಲೇ ನಿಂತಿದ್ದೆ. ಎಲ್ಲ ಕೇಳಿಸಿಕೊಂಡೆ. ಬಾಯಿ ಬಿಡಲಿಲ್ಲ. ಮೇಲೆ ಬರೆದ ಸಿಟ್ಟೆಲ್ಲ ಮೊದಲು ನನ್ನ ಮೇಲೇ.

ಅವನಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಸಂಜೆ ಮನೆಗೇ ಹೋಗುತ್ತೇನೆ. ಹೋಗುವ ದಾರಿಯಲ್ಲಿ ಆ ಹಿರಿಯರ ಮನೆಗೂ ಹೋಗಿ ಅವರನ್ನೂ ಬನ್ನಿ ಎಂದು ಕರೆಯಬೇಕು. ಅವರ ಮೇಲೆ ನಾನು ಲೆಕ್ಕ ಬರೆಯುತ್ತಾ ಕೂತರೆ ಆಗುವುದಿಲ್ಲವಲ್ಲ.