ಸಮುದ್ರ ಕಾಣಬೇಕು, ಮೀನು ಕಾಣಬಾರದು

ಮುಂಬೈ ಸುತ್ತಮುತ್ತ ಈಗ ಫ್ಯಾಮಿಲಿಗೆ ಹೇಳಿ ಮಾಡಿಸದ ಬಡಾವಣೆ ಅನ್ನೋದೇ ಉಳಿದಿಲ್ಲ. ವಿರಾರ್, ವಸಾಯಿ, ಠಾಣೆ, ಡೊಂಬಿವಲಿ, ಪನ್ವೇಲ್, ಎಲ್ಲಿಯದೇ ಬ್ರೋಷರ್ ತೆಗೆಯಿರಿ, ಮೊದಲ ಪುಟದಲ್ಲಿ ಅದೇ ನಾಲ್ವರು: ಬಿಳಿ ಪ್ಯಾಂಟಿನ ಅಪ್ಪ, ಬಿಳಿ ಕುರ್ತಾದ ಅಮ್ಮ, ಒಂದು ಗಂಡು, ಒಂದು ಹೆಣ್ಣು. ನಾಲ್ವರೂ ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡುತ್ತಿದ್ದಾರೆ. ಬಿಸಿಲು ನೋಡಿದರೆ ಬೆಳಗ್ಗೆ ಹನ್ನೊಂದರ ಹೊತ್ತು. ಆ ಹೊತ್ತಿನಲ್ಲಿ ಅಪ್ಪನಾದವನು ಮನೆ ಮುಂದೆ ಯಾಕೆ ಓಡುತ್ತಿದ್ದಾನೆ, ಅವನಿಗೆ ಕೆಲಸ ಹೋಯಿತೆ, ಹೋಗಿದ್ದರೆ ಕಂತು ಕಟ್ಟುತ್ತಿರುವವರು ಯಾರು, ಇದ್ಯಾವುದನ್ನೂ ಬ್ರೋಷರ್ ಹೇಳುವುದಿಲ್ಲ.

ನಮ್ಮ ಅಕ್ಕನ ಮಗ ಬ್ಯಾಂಕ್ ಆಫೀಸರ್. ಮುಂಬೈಗೆ ವರ್ಗ ಆಗಿದೆ, ಆಫೀಸು ಊರಿನ ದಕ್ಷಿಣ ತುದಿಯ ಫೋರ್ಟ್‌ನಲ್ಲಿ. ಹೆಂಡತಿ ಸಕಲೇಶಪುರದ ಕಡೆಯವಳು, ಇಬ್ಬರು ಮಕ್ಕಳು. ಆರ್ಡರ್ ಕೈಗೆ ಬಂದಾಗಿನಿಂದ ಹಾಸನದ ಸಾಲಗಾಮೆ ರಸ್ತೆಯ ಅವರ ಮನೆಯಲ್ಲಿ ಟಿವಿ ಹಚ್ಚುವವರಿಲ್ಲ, ಎಲ್ಲರೂ ಮೊಬೈಲಿನಲ್ಲಿ ಫ್ಲ್ಯಾಟ್ ನೋಡುತ್ತಾರೆ. ಹಾಸನದವರನ್ನು ಇಂಥದ್ದರಲ್ಲಿ ಏಮಾರಿಸುವುದು ಕಷ್ಟ ಅಂತ ನಾನು ತಿಳಿದಿದ್ದೆ. ಬಾರ್ ಮೇಲೂ ‘ಫ್ಯಾಮಿಲಿ ರೆಸ್ಟೋರೆಂಟ್’ ಅಂತ ಬೋರ್ಡು ಹಾಕುವ ಊರಿನವರು ನಾವು. ಮೆಟ್ಟಿಲ ಮೇಲೆ ಒಂದು ಪರದೆ ಎಳೆದರೆ ಫ್ಯಾಮಿಲಿ, ಎಳೆಯದಿದ್ದರೆ ಬಾರು. ಆದರೆ ಮುಂಬೈನವರು ಪರದೆಯನ್ನೂ ಎಳೆಯದೆ ಆ ಬೋರ್ಡು ಹಾಕುತ್ತಾರೆ ಅನ್ನುವುದು ಆಮೇಲೆ ಗೊತ್ತಾಯಿತು.

ಮೊದಲು ಸಲಹೆಗಾರರ ಕಥೆ. ಹಾಸನದಲ್ಲಿ ಮುಂಬೈ ತಜ್ಞರಿಗೆ ಬರವಿಲ್ಲ. ಕಾಫಿ ಕುಡಿಯುತ್ತಾ ನಿಂತಲ್ಲೇ ಒಬ್ಬರು ‘ಮಾಟುಂಗದಲ್ಲಿ ಮನೆ ಮಾಡಪ್ಪ, ಮೈಸೂರು ಅಸೋಸಿಯೇಷನ್ ಇದೆ, ಉಡುಪಿ ಹೋಟ್ಲಿದೆ, ಊರಲ್ಲಿದ್ದಂಗೇ’ ಅಂದರು. ಮಾಟುಂಗದಲ್ಲಿ ಊಟಕ್ಕೆ ಮನೆಯೂಟದಂಥ ಹೋಟೆಲು ಇರುವುದು ನಿಜ, ಅಸೋಸಿಯೇಷನ್ ಇರುವುದೂ ನಿಜ, ಬಾಡಿಗೆ ಕೇಳಿದ ಮೇಲೆ ಊಟ ಸೇರುವುದಿಲ್ಲ ಅನ್ನುವುದೂ ಅಷ್ಟೇ ನಿಜ. ಇನ್ನೊಬ್ಬರು ‘ಡೊಂಬಿವಲಿ ಕಣೋ, ತುಂಬಾ ಕನ್ನಡದವರು’ ಅಂದರು. ಮೂರನೆಯವರು ದಾದರ್ ರೈಲಿನಲ್ಲಿ ಅರಸೀಕೆರೆಗೆ ವಾಪಸ್ ಬರುವಾಗ ಪರಿಚಯವಾದವರ ಮಾತು ನಂಬಿ ಪನ್ವೇಲ್ ಅಂದರು. ಇವರೆಲ್ಲರೂ ನೋಡಿದ ಮುಂಬೈಯಲ್ಲಿ ಆಟೋ ಮೀಟರು ಇನ್ನೂ ಕಬ್ಬಿಣದ್ದು.

ದೂರದ ವಿಚಾರಕ್ಕೆ ಬರೋಣ, ಅಲ್ಲಿದೆ ಸ್ವಾರಸ್ಯ. ವಿರಾರ್‌ನಿಂದ ಫೋರ್ಟ್ ಪಕ್ಕದ ಚರ್ಚ್‌ಗೇಟ್ ಸ್ಟೇಷನ್ನಿಗೆ ರೈಲಿನಲ್ಲಿ 60 ಕಿಲೋಮೀಟರ್. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ, ಅಂದರೆ ಅಲ್ಲೇ ಇರುವ ಹಳೇ ವಿಟಿ ಸ್ಟೇಷನ್ನಿಗೆ, 48, ಪನ್ವೇಲಿನಿಂದ 49. ಹಾಸನ ಬಿಟ್ಟು ಬೇಲೂರು ದಾಟಿ ಚಿಕ್ಕಮಗಳೂರು ಮುಟ್ಟುವುದಕ್ಕೆ ಹೆಚ್ಚುಕಡಿಮೆ ವಿರಾರಿನ ಲೆಕ್ಕವೇ. ನಮ್ಮಲ್ಲಿ ದಿನಾ ಹಾಸನದಿಂದ ಚಿಕ್ಕಮಗಳೂರಿಗೆ ಹೋಗಿ ಕೆಲಸ ಮಾಡಿ ಬರುವವನನ್ನು ಕಂಡರೆ ಜನ ‘ಪಾಪ’ ಅಂತಾರೆ. ಅವನ ಹೆಂಡತಿ ವರ್ಗಾವಣೆಗೆ ಹರಕೆ ಹೊರುತ್ತಾಳೆ, ಅವನು ಶಾಸಕರ ಮನೆ ಬಾಗಿಲು ಕಾಯುತ್ತಾನೆ. ಅದೇ ಮನುಷ್ಯ ವಿರಾರಿನಲ್ಲಿದ್ದರೆ ಅವನ ಮನೆಗೆ ‘ವೆಲ್ ಕನೆಕ್ಟೆಡ್’ ಅಂತ ಹೆಸರು, ಚದರಡಿಗೆ ಮೇಲಿಷ್ಟು.

ಜಿಲ್ಲೆ ಬೇರೆ ಅನ್ನುವುದೂ ಬ್ರೋಷರಿಗೆ ಗೊತ್ತಿಲ್ಲ. ವಸಾಯಿ, ವಿರಾರ್ 2014ರಿಂದ ಪಾಲ್ಘರ್ ಜಿಲ್ಲೆಯಲ್ಲಿವೆ. ಪನ್ವೇಲ್ ರಾಯಗಡ ಜಿಲ್ಲೆ. ಜಿಲ್ಲಾಧಿಕಾರಿ ಬೇರೆ, ಪಾಲಿಕೆ ಬೇರೆ, ನೀರು ಬೇರೆ, ಬ್ರೋಷರಿನ ಮೇಲಿನ ಮುಂಬೈ ಮಾತ್ರ ಒಂದೇ. ಈ ನ್ಯಾಯದಲ್ಲಿ ಹೋದರೆ ಚನ್ನರಾಯಪಟ್ಟಣ ಬೆಂಗಳೂರಿನ ಶಾಂತ ಹಸಿರು ಉಪನಗರ.

ರೈಲಿನ ಒಳಗೆ ಏನಾಗುತ್ತದೆ ಅನ್ನುವುದನ್ನು ಅಳಿಯನೇ ಒಮ್ಮೆ ಹೋಗಿ ನೋಡಿಕೊಂಡು ಬಂದ. ಮೂವರ ಸೀಟಿನಲ್ಲಿ ನಾಲ್ಕನೆಯವರು ಕೂರುವುದು ಅಲ್ಲಿಯ ರೂಢಿ. ‘ಫೋರ್ತ್ ಸೀಟ್’ ಅಂತಲೇ ಹೆಸರಿದೆ ಅದಕ್ಕೆ. ಮೂವರು ಒಂದೊಂದು ಅಂಗುಲ ಸರಿಯುತ್ತಾರೆ, ನಾಲ್ಕನೆಯವನ ಅರ್ಧ ದೇಹ ಸೀಟಿನ ಮೇಲೆ, ಉಳಿದರ್ಧ ದೇವರ ಮೇಲೆ. ಆ ಅರ್ಧ ಸೀಟಿಗಾಗಿ ನಾಲಾಸೋಪಾರಾದವರು ಮೊದಲು ಹಿಂದಕ್ಕೆ ವಿರಾರಿಗೆ ಹೋಗಿ, ಅದೇ ಗಾಡಿಯಲ್ಲಿ ಕೂತೇ ಮುಂದಕ್ಕೆ ಬರುತ್ತಾರಂತೆ. ‘ಮಾವ, ಆಫೀಸಿಗೆ ಹೋಗಬೇಕಾದ್ರೆ ಮೊದ್ಲು ಆಫೀಸಿಂದ ದೂರ ಹೋಗ್ಬೇಕು’ ಅಂತ ಅಳಿಯ ಫೋನಿನಲ್ಲಿ ಹೇಳಿದಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಒಂಥರಾ ಭಕ್ತಿ ಇತ್ತು.

ಇಷ್ಟರ ಫಲ ಏನೆಂದರೆ ಅಪ್ಪ ಹೊರಡುವಾಗ ಮಕ್ಕಳು ಎದ್ದಿರುವುದಿಲ್ಲ, ಬರುವಾಗ ಮಲಗಿರುತ್ತವೆ. ನಮ್ಮ ಹಾಸನಾಂಬೆಯಂತೆ ಅಪ್ಪನೂ ಗೊತ್ತುಮಾಡಿದ ದಿನ ಮಾತ್ರ ದರ್ಶನ ಕೊಡುತ್ತಾನೆ, ಉಳಿದಂತೆ ಬಾಗಿಲ ಹಿಂದೆ ದೀಪ ಉರಿಯುತ್ತಲೇ ಇದೆ ಅಂತ ನಂಬಿಕೊಂಡಿರಬೇಕು. ಕುಟುಂಬಕ್ಕಾಗಿಯೇ ಕಟ್ಟಿದ ಊರಿನಲ್ಲಿ ಕುಟುಂಬ ಒಂದೆಡೆ ಸೇರುವ ಸಮಯಕ್ಕೆ ಬ್ರೋಷರಿನಲ್ಲಿ ಜಾಗವಿಲ್ಲ. ಈಜುಕೊಳಕ್ಕಿದೆ, ಮಿನಿ ಥಿಯೇಟರಿಗಿದೆ, ‘ಯೋಗಾ ಡೆಕ್’ಗಿದೆ.

ಮೆಟ್ರೊ ಬರುತ್ತಿದೆ ಅನ್ನುವ ಸಮಾಧಾನ ಪ್ರತಿ ಪುಟದಲ್ಲೂ ಇದೆ. ಬರುವುದೇನೋ ಬರುತ್ತದೆ. ವರ್ಸೋವಾದಿಂದ ಘಾಟ್‌ಕೋಪರ್‌ಗೆ ಹೋಗುವ ಮೊದಲ ಮೆಟ್ರೊಗೆ ಶಂಕುಸ್ಥಾಪನೆ 2006ರಲ್ಲಿ, ಓಡಿದ್ದು 2014ರ ಜೂನ್‌ನಲ್ಲಿ, ಉದ್ದ 11.4 ಕಿಲೋಮೀಟರ್. ಆ ಶಂಕುಸ್ಥಾಪನೆ ನೋಡಿ ಮನೆ ಕೊಂಡವರ ಮಗು ಎಲ್‌ಕೆಜಿಗೆ ಸೇರಿದ್ದರೆ ಮೊದಲ ಗಾಡಿ ಹೊರಡುವಾಗ ಆರನೇ ಕ್ಲಾಸು ಪಾಸಾಗಿರುತ್ತಿತ್ತು. ಇದರಲ್ಲಿ ಮಾತ್ರ ಹಾಸನದವರು ಮುಂಬೈಗೆ ಪಾಠ ಹೇಳಬಲ್ಲೆವು. ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ಹೋಗುವ ರೈಲು ಮಂಜೂರಾಗಿ ಎರಡು ದಶಕ ಕಳೆದು 2017ರಲ್ಲಿ ಪೂರ್ತಿ ಓಡಿತು. ಬೂವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಶಂಕುಸ್ಥಾಪನೆ ಆದದ್ದು 2007ರಲ್ಲಿ. ಆ ಹೆಸರು ಹೇಳಿ ಸೈಟು ಮಾರುವ ಕೆಲಸ ನಮ್ಮಲ್ಲಿ ಅಪ್ಪನಿಂದ ಮಗನಿಗೆ ಬಂದ ಕಸುಬಾಗಿದೆ. ಇಲ್ಲದ ವಿಮಾನದ ಸದ್ದಿಗೆ ಸೈಟಿನ ರೇಟು ಏರಿದ್ದನ್ನು ಕಣ್ಣಾರೆ ಕಂಡವರು ನಾವು.

ಇನ್ನು ಪ್ರಕೃತಿ. ಬೊರಿವಲಿ, ಗೋರೆಗಾಂವ್, ಠಾಣೆಯ ಘೋಡ್‌ಬಂದರ್ ರಸ್ತೆ, ಇವುಗಳ ಬೆನ್ನಿಗೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಇದೆ, ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಕಾಡು. ಅಲ್ಲಿಯ ಚಿರತೆಗಳು ರಾತ್ರಿ ಹೊತ್ತು ಬೇಲಿ ದಾಟಿ ನಾಯಿ ಹುಡುಕಿಕೊಂಡು ವಸತಿ ಕಡೆ ಬರುವುದು ಸುದ್ದಿಯಾಗಿ ಹಳತಾಯಿತು. ಕಾಡು ಕಾಣುವ ಫ್ಲ್ಯಾಟಿಗೆ ‘ಫಾರೆಸ್ಟ್ ವ್ಯೂ’ ಅಂತ ಬೇರೆ ದರ. ಇದನ್ನು ಕೇಳಿದ ಅಳಿಯನ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಸಕಲೇಶಪುರ, ಆಲೂರು, ಬೇಲೂರಿನ ಕಡೆ ಆನೆ ಬಂದು ಹೋದ ತೋಟವನ್ನು ಕೇಳುವ ಗಿರಾಕಿಯೇ ಇಲ್ಲ. ಸಂಜೆ ಆದರೆ ಮಕ್ಕಳನ್ನು ಹೊರಗೆ ಬಿಡುವುದಿಲ್ಲ, ಕಾಫಿ ಕೊಯ್ಯಲು ಆಳು ಬರುವುದಿಲ್ಲ. ‘ಮಾವ, ನಮ್ಮಪ್ಪಂಗೆ ಹೇಳ್ಬೇಕು, ತೋಟ ಮಾರೋವಾಗ ಎಲಿಫೆಂಟ್ ವ್ಯೂ ಅಂತ ಹಾಕ್ಸಿ ಅಂತ’ ಅಂದಳು. ನಮ್ಮ ಮಲೆನಾಡಿನ ಬೆಳೆಗಾರರು ಪರಿಹಾರಕ್ಕೆ ಅರ್ಜಿ ಹಾಕುವ ಬದಲು ಬ್ರೋಷರ್ ಹಾಕಿಸಿದ್ದರೆ ಇಷ್ಟು ಹೊತ್ತಿಗೆ ಉದ್ಧಾರ ಆಗಿರುತ್ತಿದ್ದರು.

ಸಮುದ್ರದ ಕಥೆಯೂ ಇಂಥದ್ದೇ. ಹಾಸನದವರಿಗೆ ಗೊರೂರಿನ ಹಿನ್ನೀರೇ ಸಮುದ್ರ, ಅದಕ್ಕೇ ‘ಸೀ ವ್ಯೂ’ ಅಂದರೆ ಅಕ್ಕನಿಗೆ ಆಸೆ. ವರ್ಸೋವಾ ಕಡೆ ಒಂದು ಮನೆ ತೋರಿಸಿದರು. ಬಾಲ್ಕನಿಯ ಎಡಮೂಲೆಗೆ ಒತ್ತಿ ನಿಂತು ಕತ್ತು ಚಾಚಿದರೆ ಎರಡು ಟವರುಗಳ ನಡುವೆ ಒಂದು ಗೇಣು ನೀಲಿ. ಗಾಳಿ ಬೀಸಿದಾಗ ಕೋಳಿಗಳ ಕೇರಿಯಲ್ಲಿ ಬಿದಿರು ಗಳಕ್ಕೆ ನೇತುಹಾಕಿ ಒಣಗಿಸಿದ ಬೊಂಬಿಲ್ ಮೀನಿನ ವಾಸನೆ. ಕೋಳಿ ಅಂದರೆ ಅಲ್ಲಿಯ ಮೀನುಗಾರರು, ಈ ಟವರುಗಳಿಗಿಂತ ಎಷ್ಟೋ ತಲೆಮಾರು ಹಳಬರು. ಅವರ ಮೀನಿನ ವಾಸನೆಯ ಮೇಲೆ ಹೊಸ ನಿವಾಸಿಗಳಿಗೆ ಭಾರೀ ಆಕ್ಷೇಪ.

ಸೊಸೈಟಿ ಕಮಿಟಿಯ ಸಂದರ್ಶನ ನಡೆದದ್ದು ಆ ಬಿಲ್ಡಿಂಗಿನಲ್ಲೇ. ಬಾಡಿಗೆಗೆ ಬರುವವರನ್ನು ಕಮಿಟಿ ಕೂತು ಪರೀಕ್ಷಿಸುತ್ತದೆ. ಬ್ಯಾಂಕಿನವನೇ ಸಾಲ ಕೊಡುವಾಗ ಅಷ್ಟು ಪ್ರಶ್ನೆ ಕೇಳಿರಲಿಲ್ಲ ಅಂತ ಅಳಿಯ. ಮದುವೆ ಆಗಿದೆಯೆ, ಆಗಿದೆ. ಸರ್ಟಿಫಿಕೇಟು ಇದೆಯೆ, ಇದೆ. ಮಕ್ಕಳು ಎಷ್ಟು, ಇಬ್ಬರು. ನಾಯಿ, ಇಲ್ಲ. ಫ್ಯಾಮಿಲಿ ಅಂತ ತೀರ್ಮಾನವಾಗಿ ಎಲ್ಲರ ಮುಖದಲ್ಲೂ ಸಂತೋಷ ಮೂಡಿತು. ಆಮೇಲೆ ಒಬ್ಬರು ಮೆಲ್ಲಗೆ ‘ವೆಜ್ ತಾನೆ?’ ಅಂದರು. ಒಕ್ಕಲಿಗರ ಹುಡುಗ, ಭಾನುವಾರ ನಾಟಿಕೋಳಿ ಸಾರು ಇಲ್ಲದಿದ್ದರೆ ಅವನಿಗೆ ವಾರ ಮುಗಿದ ಲೆಕ್ಕವೇ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅಲ್ಲಿಗೆ ಅವರ ಸಂಸಾರ ಫ್ಯಾಮಿಲಿ ಆಗುವುದು ನಿಂತುಹೋಯಿತು. ಸಮುದ್ರಕ್ಕೆ ಕಲ್ಲೆಸೆಯುವಷ್ಟು ಹತ್ತಿರದ ಮನೆ, ಸಮುದ್ರ ಕಾಣುವುದಕ್ಕೆ ಹೆಚ್ಚುವರಿ ಬಾಡಿಗೆ, ಅದರೊಳಗಿನ ಮೀನು ಮಾತ್ರ ಲಿಫ್ಟ್ ಹತ್ತುವಂತಿಲ್ಲ.

ಠಾಣೆಯಲ್ಲಿ ನೋಡಿದ ಇನ್ನೊಂದರಲ್ಲಿ ತಿನ್ನುವುದಕ್ಕೆ ಅಡ್ಡಿಯಿರಲಿಲ್ಲ. ಅಲ್ಲಿ ಮಕ್ಕಳ ಆಟದ ಜಾಗ ಇರುವುದು ಕಾರು ನಿಲ್ಲಿಸುವ ಮಹಡಿಗಳ ಮೇಲಿನ ಚಾವಣಿಯಲ್ಲಿ. ಅಳಿಯ ವಿಡಿಯೊ ಕಾಲ್ ಮಾಡಿ ತೋರಿಸಿದ. ಪ್ಲಾಸ್ಟಿಕ್ ಹುಲ್ಲು, ಅದರ ಅಂಚು ಬಿಸಿಲಿಗೆ ಮೇಲೆದ್ದು ಸುರುಳಿಯಾಗಿದೆ. ಒಂದು ಜಾರುಬಂಡೆ, ಅದರ ಏಣಿಗೆ ಸೈಕಲ್ಲಿನ ಸರಪಳಿ ಬೀಗ. ಪಕ್ಕದಲ್ಲಿ ಲ್ಯಾಮಿನೇಟ್ ಮಾಡಿದ ಫಲಕ: ಚೆಂಡಾಟ ಇಲ್ಲ, ಸೈಕಲ್ ಇಲ್ಲ, ಸ್ಕೇಟಿಂಗ್ ಇಲ್ಲ, ಮಧ್ಯಾಹ್ನ ಎರಡರಿಂದ ಐದರವರೆಗೆ ಸದ್ದು ಇಲ್ಲ, ಬಾಡಿಗೆದಾರರ ಮಕ್ಕಳಿಗೆ ಪಾಸ್ ಕಡ್ಡಾಯ. ವಾಚ್‌ಮನ್ ಒಬ್ಬ ಬೆಂಚಿನ ಮೇಲೆ ಕೂತು ಯಾವ ಮಗುವೂ ಆಡದಂತೆ ನೋಡಿಕೊಳ್ಳುತ್ತಿದ್ದ. ಅವನ ಸಂಬಳ ಮೇಂಟೆನೆನ್ಸ್ ಬಿಲ್ಲಿನಲ್ಲಿ ‘ಕಿಡ್ಸ್ ಝೋನ್’ ಖಾತೆಗೆ ಬರುತ್ತದೆ.

ಶಾಲೆ ವಿಚಾರ ಉದ್ದ ಬೇಡ. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಒಳ್ಳೆ ಶಾಲೆಯ ವೇಟಿಂಗ್ ಲಿಸ್ಟ್ ಕರಗುವಷ್ಟರಲ್ಲಿ ಮನೆಯೇ ಕರಗಿರುತ್ತದೆ, ಹೊಸ ಮನೆ ಇನ್ನೊಂದು ಸ್ಟೇಷನ್ನಿನಲ್ಲಿ. 2020ರ ಕಾಯ್ದೆಯ ಪ್ರಕಾರ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಡ್ಡಾಯ. ಅದು ಒಳ್ಳೆಯದೇ, ಇಡೀ ಸಂಸಾರದಲ್ಲಿ ತರಕಾರಿಯವನ ಹತ್ತಿರ ಚೌಕಾಸಿ ಮಾಡಬಲ್ಲವಳು ಎರಡನೇ ಕ್ಲಾಸಿನ ಮಗಳೊಬ್ಬಳೇ ಆಗುತ್ತಾಳೆ.

ಮಳೆ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ, ನಾನೇ ಕೇಳಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯೊಳಗೆ 944 ಮಿಲಿಮೀಟರ್ ಮಳೆ ಸುರಿಯಿತು. ಹಾಸನ ಊರಿಗೆ ಹೆಚ್ಚುಕಡಿಮೆ ವರ್ಷಪೂರ್ತಿ ಬೀಳುವ ಮಳೆ ಅದು. ‘ನಿಮ್ಮ ಪ್ರಾಜೆಕ್ಟು ತಗ್ಗಿನಲ್ಲಿದೆಯೇ?’ ಅಂತ ಬ್ರೋಕರನ್ನು ಕೇಳಿದರೆ ‘ವಾಟರ್ ಫ್ರಂಟ್ ಸಾರ್’ ಅಂದ. ಬೇಸಿಗೆಯಲ್ಲಿ ನೋಡಿದರೆ ಅಲ್ಲೊಂದು ನಾಲೆ ಇದೆ, ಅದರಲ್ಲಿ ನೀರಿಗಿಂತ ಕವರುಗಳು ಹೆಚ್ಚು.

ಇಷ್ಟೆಲ್ಲ ಆದ ಮೇಲೆ ಠಾಣೆಯದ್ದನ್ನೇ ಗೊತ್ತು ಮಾಡುವುದೆಂದಾಯಿತು, ಒಂದು ತಿಂಗಳ ಬಾಡಿಗೆ ಬ್ರೋಕರಿಗೆ, ಡಿಪಾಸಿಟ್ ಮಾಲೀಕನಿಗೆ. ಎರಡು ಬೆಡ್‌ರೂಮು. ಒಂದರಲ್ಲಿ ಮಂಚ ಹಾಕಿದರೆ ಬೀರು ತೆರೆಯುವುದಿಲ್ಲ, ಬೀರು ತೆರೆದರೆ ಬಾಗಿಲು ಮುಚ್ಚುವುದಿಲ್ಲ. ಹಾಸನದಲ್ಲಿ 30-40ರ ಸೈಟಿನಲ್ಲಿ ಬೆಳೆದ ಅಳಿಯ ಇದನ್ನೂ ಒಪ್ಪಿಕೊಂಡ. ಕರಾರಿಗೆ ಹೆಸರು ಬರೆಸುವಾಗ ‘ನಮ್ಮಮ್ಮನೂ ಬರ್ತಾರೆ, ಮಕ್ಕಳನ್ನ ನೋಡ್ಕೊಳೋಕೆ’ ಅಂದ. ಬ್ರೋಕರ್ ಪೆನ್ನು ಕೆಳಗಿಟ್ಟ.

‘ಮೊದಲೇ ಹೇಳಬೇಕಲ್ವಾ ಸಾರ್. ಇದು ಫ್ಯಾಮಿಲಿಗೆ ಅಂತ ಮಾಡಿರೋ ಪ್ರಾಜೆಕ್ಟು. ಸೀನಿಯರ್ಸ್‌ಗೆ ಬೇರೆನೇ ಇದೆ, ಕರ್ಜತ್ ಕಡೆ. ಕಳಿಸ್ಲಾ?’

ಕರ್ಜತ್ ಎಲ್ಲಿ ಅಂತ ಅಕ್ಕ ನನ್ನನ್ನು ಕೇಳಿದಳು. ಸಿಎಸ್‌ಎಂಟಿಯಿಂದ 100 ಕಿಲೋಮೀಟರ್ ಅಂದೆ. ಆಕೆ ಒಲೆ ಮೇಲಿದ್ದ ಮುದ್ದೆ ಕೋಲು ತಿರುವುತ್ತಲೇ ಲೆಕ್ಕ ಹಾಕಿದಳು. ‘ಇಲ್ಲೇ ಇದ್ರೆ ಇನ್ನೊಂಚೂರು ದೂರ ಆಗುತ್ತೆ ಅಷ್ಟೇ. ಮೇಂಟೆನೆನ್ಸ್ ಉಳಿಯುತ್ತಲ್ಲ!’